ಕೋಣಕ್ಕೂ ಸಿಕ್ಕ ಧನ್ಯವಾದ

ಕಲ್ಯಾಣಿ ಮೇಡಂ ಬರೆದ ಪುಸ್ತಕ ಶಾಲೆಗೆ ಬಂದ ದಿನ ಮಕ್ಕಳು ಅದನ್ನು ಹಿಂದಿನಿಂದ ತೆರೆಯುತ್ತಿದ್ದರು. ಕಥೆ ಆಮೇಲೆ, ಮೊದಲು ಕೊನೆಯ ಪುಟ. ಅಲ್ಲಿ ‘ಇವರಿಗೆಲ್ಲ ನನ್ನ ಧನ್ಯವಾದ’ ಎಂಬ ತಲೆಬರಹದ ಕೆಳಗೆ ಬೆರಳಿಟ್ಟು ಹೆಸರು ಹುಡುಕುವುದು. ತಮ್ಮದು ಸಿಕ್ಕರೆ ಬೆಂಚು ಹತ್ತಿ ಕುಣಿಯುವುದು, ಸಿಗದಿದ್ದರೆ ಮುಂದಿನ ಪುಸ್ತಕಕ್ಕೆ ಆಗಿನಿಂದಲೇ ತಯಾರಿ. ಆ ಪುಟ ಸೇರಲು ಮಕ್ಕಳಿಗಿದ್ದ ದಾರಿ ಒಂದೇ. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಮೇಡಂ ಕಥೆ ಹೇಳುವಾಗ ಅವರಿಗೆ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಕೇಳಬೇಕು.

ಕಲ್ಯಾಣಿ ದೇವದುರ್ಗದ ಒಂದು ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದಳು. ಮಕ್ಕಳಿಗಾಗಿ ಹಳೆಯ ಕಾಲದ ಕಥೆಗಳನ್ನು ಬರೆದು ಪುಟ್ಟ ಪುಟ್ಟ ಪುಸ್ತಕ ಮಾಡುವುದು ಅವಳ ಹುಚ್ಚು. ಅವಳ ಕೊನೆಯ ಪುಟದಲ್ಲಿ ಜಾಗ ಸಿಕ್ಕವರು ಬರೀ ಮಕ್ಕಳಲ್ಲ. ಕಥೆಯ ಸೈನ್ಯಕ್ಕೆ ಅಡುಗೆ ಮಾಡಲು ಎಷ್ಟು ಕಟ್ಟಿಗೆ ಬೇಕಾದೀತೆಂದು ಹೇಳಿಕೊಟ್ಟ ಬಿಸಿಯೂಟದ ಬಂಡೆಮ್ಮ ಅಲ್ಲಿದ್ದರು. ಕಥೆಯ ನೋಟ್‌ಬುಕ್ಕನ್ನು ಊರಿಂದೂರಿಗೆ ಮುಟ್ಟಿಸಿದ ಬಸ್ ಕಂಡಕ್ಟರ್ ಖಾಜಾ ಇದ್ದರು. ಮಟಮಾರಿಯ ಗಡಿಗೆಪ್ಪನವರ ಕೋಣವೂ ಇತ್ತು, ಚಿತ್ರಕ್ಕೆಂದು ಅರ್ಧ ದಿನ ಅಲುಗಾಡದೆ ನಿಂತಿದ್ದಕ್ಕೆ.

ಮೂರನೆಯ ಪುಸ್ತಕ ಬಂದ ದಿನ ಎಂಟನೇ ಕ್ಲಾಸಿನ ಸ್ವಪ್ನಾ ಎದ್ದು ನಿಂತಳು. ಕೈಯಲ್ಲಿ ಮೂರೂ ಪುಸ್ತಕಗಳಿದ್ದವು, ಮೂರೂ ಹಿಂದಿನಿಂದ ತೆರೆದಿದ್ದವು.

“ಮೇಡಂ, ಚಿತ್ರ ತೆಗದ ಸರ್ ಹೆಸರು ಇದರಾಗ ಯಾಕ ಇಲ್ರೀ? ಮೂರರಾಗೂ ನೋಡೀನ್ರಿ. ಕೋಣಕ್ಕೂ ಹೇಳೀರಿ.”

ಮೊದಲ ಪುಟದಲ್ಲಿ ‘ಚಿತ್ರಗಳು: ಕೊಟ್ರೇಶ’ ಎಂದು ಇದೆಯಲ್ಲ, ಎಂದಳು ಕಲ್ಯಾಣಿ. ಅದು ಬರೀ ಹೆಸರು, ಇದು ಧನ್ಯವಾದ, ಎರಡೂ ಬೇರೆ ಎಂದು ಸ್ವಪ್ನಾ ವಾದ ಹೂಡಿದಳು. ಹುಡುಗಿಯ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮೇಡಂಗೆ ಉತ್ತರ ಗೊತ್ತಿರಲಿಲ್ಲವೆಂದೂ ಅಲ್ಲ. ಚೆನ್ನಾಗಿ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ ಅಷ್ಟೇ. ಅಷ್ಟರಲ್ಲಿ ಬೆಲ್ ಹೊಡೆಯಿತು. ಕಲ್ಯಾಣಿ ಆ ದಿನ ಬೆಲ್ ಹೊಡೆದ ಪ್ಯೂನನಿಗೂ ಮನಸ್ಸಿನಲ್ಲೇ ಒಂದು ಧನ್ಯವಾದ ಹೇಳಿಕೊಂಡಳು.

ಇದೆಲ್ಲ ಶುರುವಾದದ್ದು ಎರಡು ವರ್ಷದ ಹಿಂದೆ, ರಾಯಚೂರಿನ ಕೋಟೆಯಲ್ಲಿ.

ಜನವರಿಯ ಎಳೆಬಿಸಿಲು. ನಲವತ್ತು ಮಕ್ಕಳನ್ನು ಕಟ್ಟಿಕೊಂಡು ಕಲ್ಯಾಣಿ ಕೋಟೆಯ ಗೋಡೆಯಲ್ಲಿರುವ ಆ ದೊಡ್ಡ ಕಲ್ಲಿನ ಮುಂದೆ ನಿಂತಿದ್ದಳು. ಬಸ್ಸಿಗಿಂತ ಉದ್ದದ ಒಂದೇ ಕಲ್ಲು, ಅದರ ಮೇಲೆ ಶಾಸನ. ಹತ್ತಿರದಲ್ಲೇ ಗೋಡೆಯ ಮೇಲೆ ಗೀರಿ ಬಿಡಿಸಿದ ಚಿತ್ರ, ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತರುತ್ತಿರುವುದು. ಅವಳ ಮೊದಲ ಪುಸ್ತಕ ‘ಕಲ್ಲು ಬಂದ ದಾರಿ’ ಆಗಷ್ಟೇ ಅಚ್ಚಾಗಿತ್ತು. ಆ ಹುರುಪಿನಲ್ಲಿ ಅವಳು, ನೋಡಿ ಮಕ್ಕಳೇ, ಸಾಲುಸಾಲು ಎತ್ತುಗಳು ಈ ಕಲ್ಲನ್ನು ಎಳೆದು ತಂದವು, ಎಂದು ಕೈ ಚಾಚಿ ಹೇಳುತ್ತಿದ್ದಳು.

“ಎತ್ತಲ್ರೀ ಮೇಡಂ. ಕೋಣ.”

ಗೋಡೆಯ ಬುಡದಲ್ಲಿ ಒಬ್ಬ ಕೂತಿದ್ದ. ಮೊಣಕಾಲ ಮೇಲೆ ಡ್ರಾಯಿಂಗ್ ಬೋರ್ಡು, ಮೂಗಿನ ತುದಿಗೆ ಜಾರಿದ ಚಶ್ಮಾ. ಮಾತಾಡುವಾಗ ತಲೆ ಕೂಡ ಎತ್ತಲಿಲ್ಲ. ಕಲ್ಯಾಣಿಗೆ ಸಿಟ್ಟು ಬಂದದ್ದು ಮಾತಿಗಲ್ಲ, ಆ ಎತ್ತದ ತಲೆಗೆ.

“ನೀವು ಇತಿಹಾಸದ ಮಾಸ್ತರೇನ್ರಿ?”

“ಅಲ್ರೀ, ಚಿತ್ರದ ಮಾಸ್ತರ. ಓದೂದು ಕಮ್ಮಿ, ನೋಡೂದು ಜಾಸ್ತಿ. ಕೋಡು ನೋಡ್ರಿ, ಹ್ಯಾಂಗ ಹಿಂದಕ್ಕ ಬಾಗ್ಯಾವ.”

ನಲವತ್ತು ತಲೆಗಳು ಗೋಡೆಗೆ ತಿರುಗಿದವು. ಹೌದು, ಕೋಡು ಹಿಂದಕ್ಕೆ ಬಾಗಿದ್ದವು. ಕಲ್ಯಾಣಿ ಇದೇ ಊರಲ್ಲಿ ಹುಟ್ಟಿ ಬೆಳೆದವಳು, ಆ ಗೋಡೆಯನ್ನು ಸಣ್ಣಂದಿನಿಂದ ಎಷ್ಟು ಸಲ ನೋಡಿದ್ದಳೋ. ಅಕ್ಷರಗಳನ್ನೇ ಕಣ್ಣಿಗೊತ್ತಿಕೊಂಡು ಓದಿದ್ದಳು, ಚಿತ್ರವನ್ನು ಒಂದು ಸಲವೂ ನಿಂತು ನೋಡಿರಲಿಲ್ಲ. ಈಗ ಪುಸ್ತಕದ ತುಂಬ ಎತ್ತುಗಳೇ ಎತ್ತುಗಳು, ಎಲ್ಲ ಪ್ರತಿ ಅಚ್ಚಾಗಿ ಕೂತಿವೆ. ಅವಳ ಕಿವಿ ಕೆಂಪಾದದ್ದನ್ನು ಅವನು ಆಗ ತಲೆ ಎತ್ತಿ ನೋಡಿದ. ನೋಡಿದವನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದ. ಆಮೇಲೆ ತಾನು ಬಿಡಿಸಿದ ಹಾಳೆಯನ್ನು ಹರಿದು, ಹಿಂಬದಿಗೆ ಏನೋ ಬರೆದು ಕೈಗೆ ಕೊಟ್ಟ. ‘ಕೊಟ್ರೇಶ, ಚಿತ್ರಕಲಾ ಶಿಕ್ಷಕ, ಮಾನ್ವಿ.’ ಕೆಳಗೆ ಫೋನ್ ನಂಬರು. ಅದರ ಕೆಳಗೆ ‘ಇನ್ನೊಂದು ತಪ್ಪಾದರೆ ಫೋನ್ ಮಾಡಿ’ ಎಂದಿತ್ತು.

ಎಂಟು ದಿನ ಕಲ್ಯಾಣಿ ತಡೆದಳು. ಒಂಬತ್ತನೆಯ ದಿನ ಫೋನ್ ಮಾಡಲು ಯಾವ ತಪ್ಪೂ ಕೈಯಲ್ಲಿರಲಿಲ್ಲ, ಒಂದನ್ನು ಹುಟ್ಟಿಸಿಕೊಂಡು ಮಾಡಿದಳು.

ಹೀಗೆ ‘ಕಲ್ಲು ಬಂದ ದಾರಿ’ ಕೋಣಗಳೊಡನೆ, ಚಿತ್ರಗಳೊಡನೆ ಮತ್ತೆ ಅಚ್ಚಾಯಿತು. ಆಮೇಲೆ ಕೋಟೆಗೆ ಮುತ್ತಿಗೆ ಬಿದ್ದಾಗ ನೀರು ಹೊತ್ತ ಹುಡುಗಿಯ ಕಥೆ. ಆಮೇಲೆ ಮಸ್ಕಿಯ ಬಂಡೆಗಲ್ಲಿನ ನೆರಳಲ್ಲಿ ಕುರಿ ಕಾಯ್ದವನ ಕಥೆ. ಕಲ್ಯಾಣಿ ನೋಟ್‌ಬುಕ್ಕಿನಲ್ಲಿ ಬರೆದು, ಪೇಪರಿನಲ್ಲಿ ಸುತ್ತಿ, ದೇವದುರ್ಗದಿಂದ ಮಾನ್ವಿಗೆ ಹೋಗುವ ಬಸ್ಸಿನ ಕಂಡಕ್ಟರ್ ಖಾಜಾನ ಕೈಗಿಡುವಳು. ನಾಲ್ಕೈದು ದಿನಕ್ಕೆ ಅದು ಅಂಚಿನ ತುಂಬ ಪೆನ್ಸಿಲ್ ಚಿತ್ರ ತುಂಬಿಕೊಂಡು ಅದೇ ಬಸ್ಸಿನಲ್ಲಿ ವಾಪಸು ಬರುವುದು. ವಾಟ್ಸಾಪಿನಲ್ಲಿ ಕಳಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅವರಿಬ್ಬರೂ ಒಬ್ಬರಿಗೊಬ್ಬರು ಅದನ್ನು ಕೇಳಲಿಲ್ಲ. ಕೇಳಿದ್ದರೆ ಖಾಜಾನ ಕೆಲಸ ಹೋಗುತ್ತಿತ್ತು.

ಅಂಚಿನಲ್ಲಿ ಮಾತೂ ನಡೆಯುತ್ತಿತ್ತು. ‘ಈ ಹುಡುಗಿ ಕೊಡವನ್ನು ಯಾವ ಸೊಂಟದ ಮೇಲೆ ಇಟ್ಟುಕೊಂಡಿದ್ದಾಳೆ?’ ಎಂದು ಅವನು ಬರೆದರೆ, ‘ಎಡ. ಬಲಗೈ ಖಾಲಿ ಇರಬೇಕು’ ಎಂದು ಇವಳು. ‘ಯಾಕೆ?’ ‘ಯಾರಾದರೂ ತಡೆದರೆ ಹೊಡೆಯಲಿಕ್ಕೆ.’ ಮುಂದಿನ ಸಲ ಆ ಅಂಚಿನಲ್ಲಿ ಒಬ್ಬ ಸಣ್ಣ ಮನುಷ್ಯ ಕೆನ್ನೆ ಹಿಡಿದುಕೊಂಡು ನಿಂತಿದ್ದ. ಅವನ ಚಶ್ಮಾ ಮೂಗಿನ ತುದಿಗೆ ಜಾರಿತ್ತು. ಕಲ್ಯಾಣಿ ಸ್ಟಾಫ್‌ರೂಮಿನಲ್ಲಿ ಒಬ್ಬಳೇ ನಕ್ಕಳು, ಪಕ್ಕದ ಗಣಿತದ ಮೇಡಂ ಯಾಕೆಂದು ಕೇಳಿದರೆ ನೆಗಡಿ ಎಂದಳು.

ಆದರೆ ನಗು ಬೇರೆ, ಮನಸ್ಸು ಸೋಲುವುದು ಬೇರೆ. ಅದು ಆದದ್ದು ಮೊದಲ ಪುಸ್ತಕದ ಚಿತ್ರಗಳು ನಡೆದಿದ್ದಾಗಲೇ, ರಾಯಚೂರಿನ ಅವಳ ಮನೆಯಲ್ಲಿ, ಒಂದು ಭಾನುವಾರದ ಮಧ್ಯಾಹ್ನ.

ಅಪ್ಪ ಅಯ್ಯಣ್ಣ ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡಿ ಬೆನ್ನು ಬಗ್ಗಿಸಿಕೊಂಡವರು. ಮಗಳ ಶಾಲೆಯ ಪುಸ್ತಕದಿಂದಲೇ, ಅವಳ ಜೊತೆಗೇ, ಓದಲು ಕಲಿತವರು. ಅವ್ವ ಅಮರಮ್ಮ ಮೂವತ್ತು ವರ್ಷ ಮನೆ ಕಟ್ಟುವ ಕಡೆ ಕಲ್ಲು, ಕಾಂಕ್ರೀಟು ಹೊತ್ತವಳು. ಮಗಳಿಗೆ ನೌಕರಿಯಾದ ದಿನ ತಲೆಯ ಸಿಂಬಿಯನ್ನು ಒಲೆಗೆ ಹಾಕಿ ಚಹಾ ಕಾಸಿದವಳು. ಗೋಡೆಯ ಮೇಲೆ ಬುದ್ಧನ ಫೋಟೋ. ಆ ಓಣಿಯ ಹೆಸರು ಹೇಳಿದರೆ ಬಾಯಾರಿದ್ದರೂ ನೀರು ಬೇಡವೆನ್ನುವ ಜನ ಊರಲ್ಲಿ ಇನ್ನೂ ಇದ್ದರು. ಕೊಟ್ರೇಶ ಕೊರಳಲ್ಲಿ ಲಿಂಗ ಕಟ್ಟಿದ ಮನೆಯವನು. ಅವನು ಬಂದು, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಜೋಳದ ರೊಟ್ಟಿ ಪುಂಡಿ ಪಲ್ಯ ತಿಂದು, “ಇನ್ನೊಂದು ಹಾಕ್ರಿ ಯವ್ವಾ” ಎಂದ. ಅಮರಮ್ಮ ತಟ್ಟೆಗೆ ರೊಟ್ಟಿ ಹಾಕಿದಳು. ಆ ‘ಇನ್ನೊಂದು’ ಅವಳ ಲೆಕ್ಕದಲ್ಲಿ ಉಳಿಯಿತು.

ಅವತ್ತು ಅವನು ತಂದದ್ದು ಬಂಡಿಯ ಹಿಂದೆ ಸನ್ನೆಕೋಲು ಹಾಕಿ ಗಾಲಿ ಮೀಟುವವರ ಚಿತ್ರ. ಗೋಡೆಯ ಮೇಲೆ ಅವರು ಬರೀ ಗೀರುಗಳು. ಕೊಟ್ರೇಶ ಒಬ್ಬೊಬ್ಬರಿಗೂ ಬೇರೆ ಬೇರೆ ಮುಖ ಕೊಟ್ಟಿದ್ದ. ನಡುವೆ ಒಬ್ಬ ಹೆಂಗಸನ್ನೂ ನಿಲ್ಲಿಸಿದ್ದ. ಕೋಲು ಹಿಡಿದ ಅವಳ ಬಲಗೈಯ ಕಿರುಬೆರಳು ಸೊಟ್ಟಗಿತ್ತು. ಅಮರಮ್ಮ ಚಿತ್ರವನ್ನು ಬಹಳ ಹೊತ್ತು ನೋಡಿದಳು, ಆಮೇಲೆ ತನ್ನ ಕೈ ನೋಡಿಕೊಂಡಳು. ಎಂದೋ ಒಂದು ದಿನ ಬಂಡೆಯ ಕೆಳಗೆ ಸಿಕ್ಕು ಸೊಟ್ಟಾದ ಬೆರಳು ಅದು.

“ಇದು ನನ್ನ ಕೈ ಅಲ್ಲೇನಪಾ?”

“ಹೌದ್ರಿ ಯವ್ವಾ. ಕಳೆದ ಸಲ ಚಹಾ ಕೊಡೂವಾಗ ನೋಡಿದ್ದೆ. ಕೇಳಲಾರದ ತಗೊಂಡೆ, ತಪ್ಪಾತು.”

ಕಲ್ಯಾಣಿ ಅಡುಗೆಮನೆಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು. ಅವ್ವನ ಕೈ ರಾಯಚೂರಿನ ಎಷ್ಟೋ ಮನೆಗಳಿಗೆ ಕಲ್ಲು ಹೊತ್ತಿತ್ತು, ಆ ಮನೆಗಳಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ಇವನು ಒಂದು ಲೋಟ ಚಹಾ ಇಸಿದುಕೊಳ್ಳುವಷ್ಟರಲ್ಲಿ ನೋಡಿದ್ದ. ಅವಳಿಗೆ ಅವನ ಮೇಲೆ ಪ್ರೀತಿ ಹುಟ್ಟಿತು. ಅದಕ್ಕಿಂತ ಮೊದಲು ಹುಟ್ಟಿದ್ದು ಎದೆ ಬಿರಿಯುವಷ್ಟು ಕೃತಜ್ಞತೆ, ಎರಡನ್ನೂ ಬಿಡಿಸಿ ಬೇರೆ ಮಾಡಲು ಅವಳಿಗೆ ಆಮೇಲೆ ಎಂದೂ ಆಗಲಿಲ್ಲ.

ಕೊನೆಯ ಪುಟದ ಕಷ್ಟ ಶುರುವಾದದ್ದೂ ಅಲ್ಲಿಂದಲೇ. ಬಂಡೆಮ್ಮನಿಗೆ ಒಂದು ಸಾಲು, ಖಾಜಾನಿಗೆ ಒಂದು ಸಾಲು, ಕೋಣಕ್ಕೆ ಒಂದು ಸಾಲು, ಎಲ್ಲ ಸರಾಗವಾಗಿ ಬರುತ್ತಿದ್ದವು. ‘ಕೊಟ್ರೇಶ’ ಎಂದು ಬರೆದ ಕೂಡಲೇ ಪೆನ್ನು ಅವಳ ಮಾತು ಕೇಳುತ್ತಿರಲಿಲ್ಲ. ಮೊದಲ ಪುಸ್ತಕಕ್ಕೆ ಎರಡು ಪುಟವಾಯಿತು. ಎರಡನೆಯದಕ್ಕೆ ಇನ್ನೆರಡು. ಮೂರನೆಯದಕ್ಕೆ ಮತ್ತೆರಡು. ಓದಿದ ಯಾರಿಗೇ ಆದರೂ ಅದು ಧನ್ಯವಾದ ಅಲ್ಲವೆಂದು ಗೊತ್ತಾಗುತ್ತಿತ್ತು. ಆ ಆರೂ ಹಾಳೆಗಳನ್ನು ಮಡಚಿ ಬ್ಯಾಗಿನ ಒಳಜೇಬಿಗೆ ಸೇರಿಸಿದಳು. ಪುಸ್ತಕದಲ್ಲಿ ಅವನ ಹೆಸರಿಲ್ಲದೆ ಹೋಯಿತು. ಅರ್ಧ ಮಾತು ಹೇಳುವುದಕ್ಕಿಂತ ಸುಮ್ಮನಿರುವುದು ವಾಸಿ ಎಂದುಕೊಂಡಳು. ಹೇಳದ ಮಾತು ಕೊಟ್ರೇಶನಿಗೂ ತಿಳಿದೇ ಇದೆ ಎಂದು ತನ್ನಷ್ಟಕ್ಕೆ ನಂಬಿದ್ದಳು. ಕಥೆ ಬರೆಯುವವರು ಇಂಥ ದಡ್ಡತನ ಮಾಡುವುದುಂಟು.

ನಾಲ್ಕನೆಯದು ಕೃಷ್ಣಾ ನದಿಯಲ್ಲಿ ಹರಿಗೋಲು ನಡೆಸುವ ಮುದುಕಿಯ ಕಥೆ. ಆ ನೋಟ್‌ಬುಕ್ಕು ಮಾನ್ವಿಗೆ ಹೋಗಿ ಹತ್ತು ದಿನವಾದರೂ ಬರಲಿಲ್ಲ. ಹನ್ನೊಂದನೆಯ ದಿನ, ಒಂದು ಮಂಗಳವಾರ, ಖಾಜಾ ಬಸ್ ನಿಲ್ಲಿಸಿ ತಾನೇ ಇಳಿದು ಬಂದು ಕೊಟ್ಟ. ಸರ್ ಈ ಸಲ ಪುಸ್ತಕ ಕೊಡುವಾಗ ನಗಲಿಲ್ಲ ಎಂದು ಅವನೇ ಹೇಳಿದ.

ಚಿತ್ರಗಳು ಚೆನ್ನಾಗಿದ್ದವು, ಬೇರೆ ಹಾಳೆಗಳಲ್ಲಿ ಅಚ್ಚುಕಟ್ಟಾಗಿ ಬಂದಿದ್ದವು. ನೋಟ್‌ಬುಕ್ಕಿನ ಅಂಚುಗಳು ಮಾತ್ರ ಖಾಲಿ. ಕಲ್ಯಾಣಿ ಒಂದೊಂದೇ ಪುಟ ತಿರುವಿ ಆ ಚಶ್ಮಾದ ಸಣ್ಣ ಮನುಷ್ಯನನ್ನು ಹುಡುಕಿದಳು, ಎಲ್ಲೂ ಇರಲಿಲ್ಲ. ಕೊನೆಯಲ್ಲಿ ನಾಲ್ಕು ಸಾಲು ಇದ್ದವು.

‘ಸೋಮವಾರ ವರ್ಗಾವಣೆ ಕೌನ್ಸೆಲಿಂಗ್ ಇದೆ. ಹೊಸಪೇಟೆ ಹತ್ತಿರ ಜಾಗ ಸಿಗುತ್ತದೆ, ಅಣ್ಣ ಅಲ್ಲೇ ಇದ್ದಾನೆ. ಐದನೇ ಪುಸ್ತಕಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ. ನಿಮ್ಮ ಕೊನೆಯ ಪುಟದಲ್ಲಿ ನನಗಿಂತ ಕೋಣ ದೊಡ್ಡದು ಎಂದು ತಿಳಿಯಲು ನನಗೆ ಮೂರು ಪುಸ್ತಕ ಬೇಕಾದವು. ಬೇಸರವಿಲ್ಲ.’

ತಮಾಷೆಯ ಹಾಗೆ ಬರೆದಿದ್ದ. ಬೇಸರವಿಲ್ಲ ಎಂಬ ಮಾತನ್ನು ಬೇಸರವಿಲ್ಲದವರು ಬರೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಫೋನ್ ಕೈಯಲ್ಲಿ ಹಿಡಿದು ಮೂರು ಸಲ ಇಟ್ಟಳು. ಏನಂತ ಹೇಳುವುದು? ಹೋಗಬೇಡಿ ಎಂದರೆ ಯಾಕೆ ಎನ್ನುತ್ತಾನೆ. ಯಾಕೆ ಎಂದು ಹೇಳಿದರೆ ಮುಂದಿನದಕ್ಕೆಲ್ಲ ಬಾಗಿಲು ತೆರೆದ ಹಾಗೆ. ಅವನ ಅವ್ವ ಮಹಾಂತಮ್ಮನನ್ನು ಕಲ್ಯಾಣಿ ಒಂದೇ ಸಲ ನೋಡಿದ್ದಳು, ಹಣೆ ತುಂಬ ವಿಭೂತಿ, ಬಾಯಿ ತುಂಬ ಮೌನ. ಆ ಮನೆಯ ಅಡುಗೆಮನೆಯ ಹೊಸ್ತಿಲು ಎಷ್ಟು ಎತ್ತರವೋ. ಒಂದು ಸಲ ಅಚ್ಚಾದ ಹೆಸರನ್ನು ಅಳಿಸಲು ಬರುವುದಿಲ್ಲ. ಊರು ಓದುತ್ತದೆ, ಶಾಲೆ ಓದುತ್ತದೆ, ಅವನು ಹೋಗಿಬಿಟ್ಟರೆ ಅವಳೊಬ್ಬಳೇ ಆ ಸಾಲಿನ ಜೊತೆ ಉಳಿಯಬೇಕು. ಕೊನೆಗೆ, ಭಾನುವಾರ ಬೆಳಿಗ್ಗೆ ರಾಯಚೂರಿನ ಪ್ರೆಸ್ಸಿಗೆ ಬರುವಿರಾ, ಚಿತ್ರದ ಅಳತೆ ನೋಡಬೇಕು ಎಂದು ಮೆಸೇಜ್ ಹಾಕಿದಳು. ‘ಬರ್ತೀನ್ರಿ’ ಎಂದು ಉತ್ತರ ಬಂತು. ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ.

ಶನಿವಾರ ಸಂಜೆ ರಾಯಚೂರಿನ ಮನೆಯ ಕಟ್ಟೆಯ ಮೇಲೆ ಅಯ್ಯಣ್ಣ ಹೊಸ ಪುಸ್ತಕದ ಪ್ರೂಫ್ ಹಾಳೆಗಳನ್ನು ಓದುತ್ತಿದ್ದರು. ಮಗಳ ಪ್ರತಿಯೊಂದು ಪುಸ್ತಕಕ್ಕೂ ಅವರೇ ಮೊದಲ ಓದುಗರು. ಅಕ್ಷರದ ಕೆಳಗೆ ಬೆರಳು ಸರಿಸುತ್ತ, ತುಟಿ ಆಡಿಸುತ್ತ ಓದಿ, ಕೊನೆಯ ಹಾಳೆಗೆ ಬಂದು ನಿಂತರು. ತಲೆಬರಹ ಬಿಟ್ಟರೆ ಅದು ಖಾಲಿ ಇತ್ತು.

“ಇದು ಯಾಕ ಖಾಲಿ ಬಿಟ್ಟಿ?”

ನಾಳೆ ಬರೀತೀನಿ ಯಪ್ಪಾ, ಎಂದಳು. ಅಯ್ಯಣ್ಣ ಹಾಳೆಗಳನ್ನು ಜೋಡಿಸಿ ತೊಡೆಯ ಮೇಲಿಟ್ಟುಕೊಂಡರು. ಅವರು ಅವಸರದಲ್ಲಿ ಮಾತಾಡಿದವರೇ ಅಲ್ಲ.

“ನೀನೇ ಬರದಿದ್ದಿ. ಕಲ್ಲಿನ ಮ್ಯಾಲ ದೊಡ್ಡವರ ಹೆಸರು ಅದ, ಹಿಂದ ನಿಂತು ಗಾಲಿ ಮೀಟಿದವರ ಹೆಸರಿಲ್ಲ ಅಂತ. ಅದನ್ನ ಓದಿದಾಗ ನನಗ ಕಣ್ಣಾಗ ನೀರು ಬಂದಿದ್ದವು. ಈಗ ನಿನ್ನ ಬಂಡಿ ಹಿಂದ ಯಾರು ನಿಂತಾರ?”

ಕಲ್ಯಾಣಿ ತಲೆ ತಗ್ಗಿಸಿದಳು.

“ಮರತು ಬಿಟ್ಟಿಲ್ಲ ಅಂತ ನನಗ ಗೊತ್ತದ,” ಎಂದರು ಅಯ್ಯಣ್ಣ. “ಆತಗ ಹ್ಯಾಂಗ ಗೊತ್ತಾಗಬೇಕು, ಯವ್ವಾ?”

ಜನ, ಊರು, ಅವರ ಮನೆ ಎಂದು ಅವಳು ಏನೇನೋ ತಡವರಿಸಿದಳು. ಅಯ್ಯಣ್ಣ ಎಲ್ಲ ಕೇಳಿಸಿಕೊಂಡರು. ಬೆನ್ನ ಮೇಲೆ ಚೀಲ ಹೊರುವಾಗ ಜನ ನೋಡುತ್ತಾರೆಂದು ತಾನು ನಿಂತಿದ್ದರೆ ನೀನು ಓದುತ್ತಿರಲಿಲ್ಲ ಎಂದಷ್ಟೇ ಹೇಳಿದರು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. “ಎರಡನೇ ರೊಟ್ಟಿ ಕೇಳಿ ಹಾಕಿಸಿಕೊಂಡು ತಿಂದಾನ,” ಎಂದಳು ಅಮರಮ್ಮ, ಯಾರಿಗೆಂದು ಹೇಳದೆ. ಮತ್ತೆ ಸದ್ದು ಶುರುವಾಯಿತು.

ಪ್ರೆಸ್ ಎಂದರೆ ದೊಡ್ಡದೇನಲ್ಲ. ಒಂದು ಮೆಷಿನ್ನು, ಕಾಗದದ ರಾಶಿ, ಮೂಲೆಯಲ್ಲಿ ಡಿಟಿಪಿ ಮಾಡುವ ಹನುಮೇಶನ ಕಂಪ್ಯೂಟರ್. ಹನುಮೇಶ ಒಳ್ಳೆಯ ಕೆಲಸಗಾರ. ಮದುವೆ ಕರೆಯೋಲೆಯಾಗಲಿ, ಶ್ರದ್ಧಾಂಜಲಿಯಾಗಲಿ, ಯಾವ ಭಾವವೂ ಮುಖಕ್ಕೆ ತಾರದೆ ಟೈಪು ಮಾಡುವವನು. ಕೊಟ್ರೇಶ ಅವಳಿಗಿಂತ ಮೊದಲೇ ಬಂದು ಗೋಡೆಗೊರಗಿ ನಿಂತಿದ್ದ, ಹೆಗಲಲ್ಲಿ ಬ್ಯಾಗು. ಕಲ್ಯಾಣಿ ಬಾಗಿಲಲ್ಲಿ ಕಂಡಾಗ ಚಶ್ಮಾ ತೆಗೆದು ಒರೆಸಲು ಶುರು ಮಾಡಿದ. ಒರೆಸುವುದು ಮುಗಿಯಲೇ ಇಲ್ಲ.

ಚಿತ್ರಗಳ ಅಳತೆ ಹತ್ತು ನಿಮಿಷದಲ್ಲಿ ಮುಗಿಯಿತು. ಅವಳು ಬರೆದು ತಂದ ಹೆಸರುಗಳನ್ನು ಹನುಮೇಶ ಕೊನೆಯ ಪುಟಕ್ಕೆ ಹಾಕಿದ. ಹರಿಗೋಲಿನ ತೊಗಲು ಹೇಗೆ ಹದ ಮಾಡುತ್ತಿದ್ದರೆಂದು ಕೇಳಿದ ಹುಡುಗ, ಹೊಳೆ ದಾಟುವ ಪದ ಹೇಳಿಕೊಟ್ಟ ಗಿಲ್ಲೆಸುಗೂರಿನ ರಂಜಾನಬಿ, ಬಂಡೆಮ್ಮ, ಖಾಜಾ, ಒಬ್ಬೊಬ್ಬರಾಗಿ ಪರದೆಯ ಮೇಲೆ ಬಂದರು. ಕೊಟ್ರೇಶ ಆ ಕಡೆ ನೋಡಲಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರನ್ನು ಓದುತ್ತಿದ್ದ.

“ಇನ್ನ ಒಂದು ಸಾಲಿನ ಜಾಗ ಅದ ನೋಡ್ರಿ ಮೇಡಂ,” ಎಂದ ಹನುಮೇಶ. “ಖಾಲಿ ಬಿಡಲೋ, ಹೂವಿನ ಚಿತ್ರ ಹಾಕಲೋ?”

ಬ್ಯಾಗಿನಲ್ಲಿ ಆರು ಹಾಳೆಗಳಿದ್ದವು. ಜಾಗ ಒಂದು ಸಾಲಿನದು. ಕಲ್ಯಾಣಿ ಕುರ್ಚಿಯ ಬೆನ್ನು ಹಿಡಿದುಕೊಂಡು, ನಾನು ಹೇಳುತ್ತೇನೆ, ಟೈಪು ಮಾಡಿ ಎಂದಳು. ಹನುಮೇಶ ಬೆರಳುಗಳನ್ನು ಕೀಗಳ ಮೇಲಿಟ್ಟ. ಚಿತ್ರ ಬರೆದುಕೊಟ್ಟ ಕೊಟ್ರೇಶ ಅವರಿಗೂ, ಎಂದು ಶುರು ಮಾಡಿ ನಿಲ್ಲಿಸಿದಳು. ಅಳಿಸಲು ಹೇಳಿದಳು. ಅವನು ಅಳಿಸಿದ. ಮತ್ತೆ ಶುರು ಮಾಡಿದಾಗ ಅವಳ ದನಿ ಕ್ಲಾಸಿನಲ್ಲಿ ಡಿಕ್ಟೇಶನ್ ಕೊಡುವ ದನಿಯಾಗಿತ್ತು. ಬೇರೆ ದನಿಯಲ್ಲಿ ಅವಳಿಂದ ಆಗುತ್ತಿರಲಿಲ್ಲ.

“ಕೊಟ್ರೇಶ ಅವರಿಗೆ ನಾನು ಇಲ್ಲಿ ಧನ್ಯವಾದ ಹೇಳುವುದಿಲ್ಲ.”

ಹನುಮೇಶ ಟೈಪು ಮಾಡಿದ. ಹಿಂದೆ ಬ್ಯಾಗಿನ ಪಟ್ಟಿ ಎಳೆದುಕೊಂಡ ಸದ್ದಾಯಿತು. ಕೊಟ್ರೇಶ ಬಾಗಿಲ ಕಡೆ ಹೆಜ್ಜೆ ಹಾಕಿದ್ದ.

“ಇನ್ನೂ ಅದ,” ಎಂದಳು ಕಲ್ಯಾಣಿ, ತಿರುಗಿ ನೋಡದೆ. “ಅವರು ಊರು ಬಿಟ್ಟು ಹೋಗದಿದ್ದರೆ, ಬದುಕಿರುವ ತನಕ ದಿನಾ ಮನೆಯಲ್ಲೇ ಹೇಳುತ್ತೇನೆ.”

ಹನುಮೇಶನ ಬೆರಳು ‘ಮನೆಯಲ್ಲೇ’ ಎಂಬಲ್ಲಿಗೆ ಬಂದು ನಿಂತವು. ಅವನು ಕುರ್ಚಿ ತಿರುಗಿಸಿ ಇಬ್ಬರನ್ನೂ ನೋಡಿದ. ಆ ಮುಖಕ್ಕೆ ಮೊದಲ ಸಲ ಒಂದು ಭಾವ ಬಂದಿತ್ತು. ಉಳಿದದ್ದನ್ನು ಟೈಪು ಮಾಡಿ ಮುಗಿಸಿ, ಚಹಾ ಹೇಳಿ ಬರ್ತೀನ್ರಿ ಎಂದು ಎದ್ದು ಹೋದ.

ಮೆಷಿನ್ನು ನಿಂತಿತ್ತು. ಹೊರಗೆ ಒಂದು ಆಟೋ ಹೋಯಿತು. ಕಲ್ಯಾಣಿಗೆ ತಿರುಗುವ ಧೈರ್ಯ ಆಗಲಿಲ್ಲ. ಪರದೆಯ ಗಾಜಿನಲ್ಲಿ ಅವನ ನೆರಳು ಹತ್ತಿರ ಬಂದು, ಬಾಗಿ, ಚಶ್ಮಾ ಮೇಲೆ ದೂಡಿಕೊಂಡು ಆ ಸಾಲನ್ನು ಓದಿತು. ಒಂದು ಸಲ ಓದಿ ಮತ್ತೆ ಮೊದಲಿನಿಂದ ಓದಿತು.

“ತಪ್ಪದರೀ ಮೇಡಂ.”

ಅವಳು ಗಕ್ಕನೆ ತಿರುಗಿದಳು. “ಏನು ತಪ್ಪು?”

“‘ಹೋಗದಿದ್ದರೆ’ ಅಂತ ಹಾಕೀರಿ. ಮಕ್ಕಳು ಓದೂ ಪುಸ್ತಕ, ತಪ್ಪು ಮಾಹಿತಿ ಇರಬಾರದು. ನಾ ಎಲ್ಲೂ ಹೋಗೂದಿಲ್ಲ.”

ಕೋಟೆಯ ಗೋಡೆಯ ಬುಡದಲ್ಲಿ ಕೇಳಿದ ಅದೇ ದನಿ. ಈ ಸಲ ತಲೆ ಮಾತ್ರ ಎತ್ತಿದ್ದ, ಕಣ್ಣು ಅವಳ ಕೆಂಪಾದ ಕಿವಿಯ ಮೇಲಿತ್ತು. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅವನು ಕೈ ಚಾಚಿ ಆ ನಾಲ್ಕು ಪದ ತೆಗೆಯಲು ಹೋಗಿ, ಬ್ಯಾಕ್‌ಸ್ಪೇಸ್ ಒತ್ತಿ ಹಿಡಿದು, ಇಡೀ ಸಾಲನ್ನೇ ಅಳಿಸಿಬಿಟ್ಟ.

“ಹೋತು,” ಎಂದ. “ಇನ್ನೊಮ್ಮೆ ಹೇಳಬೇಕಾತು ನೀವು.”

ಬೇಕೆಂದೇ ಅಳಿಸಿದನೋ, ಕಂಪ್ಯೂಟರ್ ಬಾರದೆ ಅಳಿಸಿದನೋ, ಇವತ್ತಿಗೂ ಒಪ್ಪಿಕೊಂಡಿಲ್ಲ. ಕಲ್ಯಾಣಿ ಇನ್ನೊಮ್ಮೆ ಹೇಳಿದಳು. ಈ ಸಲ ಡಿಕ್ಟೇಶನ್ನಿನ ದನಿ ಇರಲಿಲ್ಲ, ಕಂಪ್ಯೂಟರಿನ ಕಡೆಗೂ ಮುಖವಿರಲಿಲ್ಲ.

ಹನುಮೇಶ ಚಹಾ ತರುವುದನ್ನು ಬಹಳ ತಡ ಮಾಡಿದ, ಪುಣ್ಯಾತ್ಮ. ಅಷ್ಟು ಹೊತ್ತಿನಲ್ಲಿ ಕೊಟ್ರೇಶ ತನ್ನ ಮನೆಯ ಸಂಗತಿ ಹೇಳಿದ. ಹರಿಗೋಲಿನ ನೋಟ್‌ಬುಕ್ಕು ಬಂದ ದಿನವೇ ಅವನು ಅವ್ವನ ಮುಂದೆ ಕಲ್ಯಾಣಿಯ ಹೆಸರು ಹೇಳಿದ್ದ. ಮಹಾಂತಮ್ಮ ಎಂಟು ದಿನ ಮಗನ ಜೊತೆ ಮಾತಾಡಲಿಲ್ಲ. ಒಂಬತ್ತನೆಯ ದಿನ ಆಕೆಯ ಪುಸ್ತಕ ಯಾವುದು ತಾ ಎಂದಳು. ಓದಲು ಬರುವ ಹೆಂಗಸು, ಕೂತು ಪೂರ್ತಿ ಓದಿ, ಕೊನೆಯ ಪುಟಕ್ಕೆ ಬಂದು ಕೇಳಿದಳು.

“‘ಕೋಣದ ಹೆಸರು ಅದ, ನಿಂದು ಇಲ್ಲಲ್ಲೋ. ನೀ ಇಷ್ಟು ಹೊಡಕೊಳ್ಳಾಕತ್ತಿ, ಆಕಿಗೆ ನಿನ್ನ ನೆನಪಾದ್ರೂ ಅದ ಏನು?’ ಅಂದ್ಲು ಅವ್ವ,” ಎಂದ ಕೊಟ್ರೇಶ. “ಏನ್ ಹೇಳಬೇಕಿತ್ತು ನಾನು? ಮೂರೂ ಪುಸ್ತಕ ತಿರುವಿ ನೋಡಿದೆ. ಖರೇನೇ ಇರಲಿಲ್ಲ.”

ಕಲ್ಯಾಣಿ ಬ್ಯಾಗಿನ ಒಳಜೇಬಿನಿಂದ ಆ ಆರು ಹಾಳೆಗಳನ್ನು ತೆಗೆದು ಅವನ ಕೈಗಿಟ್ಟಳು. ಮಡಿಕೆಯಲ್ಲಿ ಹರಿಯುವಷ್ಟು ಹಳೆಯವಾಗಿದ್ದವು. ಅವನು ಮೊದಲ ಹಾಳೆಯ ಮೊದಲ ಸಾಲು ಓದಿದ. ‘ನನ್ನ ಅವ್ವನ ಕೈಯನ್ನು ನೋಡಿದ್ದಕ್ಕೆ.’ ಮುಂದೆ ಓದದೆ, ಮೆಲ್ಲಗೆ ಮಡಚಿ, ಅಂಗಿಯ ಮೇಲುಜೇಬಿಗೆ ಹಾಕಿಕೊಂಡ. ಉಳಿದದ್ದನ್ನು ಮನೆಯಲ್ಲಿ ಕೂತು ಓದುತ್ತೇನೆ, ಇಲ್ಲಿ ಓದಿದರೆ ಹನುಮೇಶನ ಮುಂದೆ ಮರ್ಯಾದೆ ಹೋಗುತ್ತದೆ ಎಂದ. ಅವನ ಕಣ್ಣು ಆಗಲೇ ತುಂಬಿತ್ತು.

“ಅವ್ವ ಇನ್ನೊಂದೂ ಕೇಳಿದ್ಲು,” ಎಂದ. “ಆಕಿಗೆ ರೊಟ್ಟಿ ಬಡಿಯಾಕ ಬರ್ತದೇನು ಅಂತ.”

“ಬರ್ತದ. ದುಂಡಗ ಬರಂಗಿಲ್ಲ.”

“ನಡೀತದ. ನಾ ಸುತ್ತಲೂ ಗೀಟು ಹಾಕಿ ದುಂಡಗ ಮಾಡ್ತೀನಿ, ಕಲ್ಯಾಣಿ.”

ಎರಡು ವರ್ಷದಲ್ಲಿ ಅವನು ಮೇಡಂ ಎನ್ನದೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಮಹಾಂತಮ್ಮನ ಮನಸ್ಸು ಒಂದು ರೊಟ್ಟಿಯಲ್ಲಿ ಕರಗುವಂಥದ್ದಲ್ಲ, ದಾರಿ ಉದ್ದ ಇದೆ ಎಂದು ಇಬ್ಬರಿಗೂ ಗೊತ್ತಿತ್ತು. ಅಷ್ಟು ದೊಡ್ಡ ಕಲ್ಲೂ ಒಂದೇ ದಿನಕ್ಕೆ ಬಂದು ಗೋಡೆ ಸೇರಿರಲಾರದು ಎಂದಳು ಕಲ್ಯಾಣಿ. ಇತಿಹಾಸದ ಮೇಡಂ ಹೇಳಿದ ಮೇಲೆ ಮುಗಿಯಿತು ಎಂದ ಅವನು. ಸೋಮವಾರ ಕೌನ್ಸೆಲಿಂಗಿನಲ್ಲಿ ಹೊಸಪೇಟೆ ಕಡೆಯ ಜಾಗ ಬೇರೆ ಯಾರಿಗೋ ಹೋಯಿತು. ಆ ಯಾರಿಗೋ ಕೂಡ ಕಲ್ಯಾಣಿ ಮನಸ್ಸಿನಲ್ಲಿ ಕೈಮುಗಿದಳು.

ಹದಿನೈದು ದಿನಕ್ಕೆ ನಾಲ್ಕನೆಯ ಪುಸ್ತಕ ದೇವದುರ್ಗಕ್ಕೆ ಬಂತು. ಮಕ್ಕಳು ಎಂದಿನಂತೆ ಹಿಂದಿನಿಂದ ತೆರೆದರು. ಸ್ವಪ್ನಾ ಎದ್ದು ನಿಂತು ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದಳು.

“ಕೊಟ್ರೇಶ ಅವರಿಗೆ ನಾನು ಇಲ್ಲಿ ಧನ್ಯವಾದ ಹೇಳುವುದಿಲ್ಲ. ಬದುಕಿರುವ ತನಕ ದಿನಾ ಮನೆಯಲ್ಲೇ ಹೇಳುತ್ತೇನೆ.”

ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಬಂಡೆಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಸ್ವಪ್ನಾ ಮಾತ್ರ ಕೂರಲಿಲ್ಲ. ಹುಬ್ಬು ಗಂಟಿಕ್ಕಿ ಸಾಲನ್ನು ಮತ್ತೊಮ್ಮೆ ಓದಿಕೊಂಡಳು.

“ಮನೆಯಲ್ಲೇ ಅಂದ್ರ ಯಾರ ಮನ್ಯಾಗ್ರಿ ಮೇಡಂ? ಮಾನ್ವಿದೋ, ರಾಯಚೂರದೋ, ದೇವದುರ್ಗದೋ?”

ಅದನ್ನು ಅವರಿಬ್ಬರೂ ಇನ್ನೂ ಮಾತಾಡಿರಲೇ ಇಲ್ಲ. ಕಲ್ಯಾಣಿ ನಗುತ್ತ ಮೇಜಿನ ಮೇಲಿದ್ದ ಹೊಸ ನೋಟ್‌ಬುಕ್ಕನ್ನು ತೆರೆದು, ಕೊನೆಯ ಪುಟಕ್ಕೆ ತಿರುವಿ, ಐದನೆಯ ಪುಸ್ತಕದ ಮೊದಲ ಹೆಸರು ಬರೆದಳು: ಸ್ವಪ್ನಾ, ಎಂಟನೇ ತರಗತಿ, ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿದ್ದಕ್ಕೆ.